ಜರ್ಮನಿಯಲ್ಲಿ ಓದು ಫ್ರೀ, ಸರಿ. ಬೆಲೆ ಎಲ್ಲಿ ಕೂತಿದೆ?

"ಅಮೆರಿಕ ಬೇಡ, ಜರ್ಮನಿಗೆ ಕಳಿಸಿ. ಅಲ್ಲಿ ಓದು ಫ್ರೀ." ಎರಡು ಮೂರು ವರ್ಷದಿಂದ ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಈ ಮಾತು ಕೇಳಿಸುತ್ತಿದೆ. ಹಾಸನದಲ್ಲಿರುವ ನನ್ನ ಅಕ್ಕನಿಗೂ ಯಾರೋ ಹೀಗೇ ಹೇಳಿದ್ದರು. ಮಗ ಮೆಕ್ಯಾನಿಕಲ್ ಇಂಜಿನಿಯರಿಂಗ್, ಆರನೇ ಸೆಮಿಸ್ಟರ್. "ಫೀಸೇ ಇಲ್ಲ ಅಂತಾರೆ ಕಣೋ, ನಿಜವಾ? ನೀನೇ ಸ್ವಲ್ಪ ನೋಡಿ ಹೇಳು" ಅಂದಳು. ನೋಡಿದೆ. ನಿಜ. ಆದರೆ ಅಂಗಡಿಯವನು ಒಂದು ಸಾಮಾನಿಗೆ ದುಡ್ಡು ಬೇಡ ಅಂದರೆ, ಅದನ್ನು ಯಾವುದರ ಮೇಲೆ ಹಾಕಿದ್ದಾನೆ ಅಂತ ಚೀಟಿ ತಿರುಗಿಸಿ ನೋಡುವವರು ನಾವು. ಇಲ್ಲೂ ಆ ಚೀಟಿ ನೋಡಬೇಕು.

ಮೊದಲು, ಈ ಮಾತು ಈಗಲೇ ಯಾಕೆ ಜೋರಾಯಿತು? ಉಳಿದ ಬಾಗಿಲುಗಳು ಒಂದೊಂದಾಗಿ ಕಿರಿದಾಗಿವೆ, ಅದಕ್ಕೆ. ಕೆನಡಾ 2024ರ ಜನವರಿಯಲ್ಲಿ ವಿದ್ಯಾರ್ಥಿ ಪರ್ಮಿಟ್‌ಗಳಿಗೆ ಮಿತಿ ಹಾಕಿತು. ವರ್ಷದ ಖರ್ಚಿಗೆಂದು ತೋರಿಸಬೇಕಾದ ಹಣವನ್ನು 10,000 ಕೆನಡಾ ಡಾಲರ್‌ನಿಂದ 20,635ಕ್ಕೆ, ಆಮೇಲೆ 22,895ಕ್ಕೆ ಏರಿಸಿತು. ಬ್ರಿಟನ್ ಅದೇ ತಿಂಗಳಿಂದ, ಸಂಶೋಧನೆಯ ಕೋರ್ಸುಗಳವರನ್ನು ಬಿಟ್ಟು ಉಳಿದ ವಿದ್ಯಾರ್ಥಿಗಳು ಗಂಡ, ಹೆಂಡತಿ, ಮಕ್ಕಳನ್ನು ಕರೆತರುವುದನ್ನು ನಿಲ್ಲಿಸಿತು. ಓದು ಮುಗಿದ ಮೇಲೆ ಅಲ್ಲಿ ಕೆಲಸ ಹುಡುಕಲು ಸಿಗುತ್ತಿದ್ದ ಎರಡು ವರ್ಷ, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳಾಗುತ್ತದೆ. ಆಸ್ಟ್ರೇಲಿಯಾದ ವೀಸಾ ಶುಲ್ಕ ಒಂದೇ ವರ್ಷದ ಅಂತರದಲ್ಲಿ 710 ಆಸ್ಟ್ರೇಲಿಯನ್ ಡಾಲರ್‌ನಿಂದ 1,600ಕ್ಕೆ, ಅಲ್ಲಿಂದ 2,000ಕ್ಕೆ ಹೋಯಿತು. ಅಮೆರಿಕದ ಕಥೆ ಎಲ್ಲರಿಗೂ ಗೊತ್ತು: 2025ರ ಮೇ ಕೊನೆಯಲ್ಲಿ ಹೊಸ ವೀಸಾ ಸಂದರ್ಶನಗಳನ್ನೇ ಮೂರು ವಾರ ತಡೆಹಿಡಿದರು. ಸೆಪ್ಟೆಂಬರ್‌ನಲ್ಲಿ ಎಚ್-1ಬಿ ಕೆಲಸದ ವೀಸಾಗೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ ಬಂತು. ಅಲ್ಲೇ ಓದಿ ಅಲ್ಲೇ ವೀಸಾ ಬದಲಿಸಿಕೊಳ್ಳುವವರಿಗೆ ಅದು ಅನ್ವಯಿಸುವುದಿಲ್ಲ ಎಂಬ ವಿವರಣೆ ಬಂದದ್ದು ತಿಂಗಳಾದ ಮೇಲೆ. ಅಷ್ಟರಲ್ಲಿ ಎಷ್ಟು ಮನೆಯವರು ನಿದ್ದೆ ಕಳೆದುಕೊಂಡರೋ.

ಉನ್ನತ ಶಿಕ್ಷಣಕ್ಕೆಂದು ವಿದೇಶಕ್ಕೆ ಹೊರಟ ಭಾರತೀಯರು 2023ರಲ್ಲಿ 8.92 ಲಕ್ಷ ಇದ್ದವರು 2024ರಲ್ಲಿ 7.59 ಲಕ್ಷಕ್ಕೆ ಇಳಿದರು. ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕ ಇದು. ಆದರೆ ಜರ್ಮನಿಯಲ್ಲಿ ಸಂಖ್ಯೆ ಏರುತ್ತಲೇ ಹೋಯಿತು. ಹತ್ತು ವರ್ಷದ ಹಿಂದೆ ಅಲ್ಲಿ 15 ಸಾವಿರ ಭಾರತೀಯ ವಿದ್ಯಾರ್ಥಿಗಳೂ ಇರಲಿಲ್ಲ. 2022-23ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ನಾವು ಚೀನೀಯರನ್ನು ಹಿಂದೆ ಹಾಕಿ ಅಲ್ಲಿನ ಅತಿ ದೊಡ್ಡ ವಿದೇಶಿ ಗುಂಪಾದೆವು. 2023-24ರಲ್ಲಿ 49,483 ಮಂದಿ. ಈಗ 60 ಸಾವಿರದ ಹತ್ತಿರ.

ಫೀಸ್ ಯಾಕಿಲ್ಲ?

ಇದು ವಿದೇಶಿಯರ ಮೇಲಿನ ಪ್ರೀತಿಯಿಂದ ಹುಟ್ಟಿದ ವ್ಯವಸ್ಥೆಯಲ್ಲ. ಜರ್ಮನಿಯ ಕೆಲವು ರಾಜ್ಯಗಳು 2006ರ ಹೊತ್ತಿಗೆ ತಮ್ಮ ಮಕ್ಕಳಿಗೇ ಫೀಸ್ ಹಾಕಿ ನೋಡಿದವು. ಜನ ಬೀದಿಗಿಳಿದರು. ಚುನಾವಣೆಗಳಲ್ಲಿ ಅದೇ ಮಾತಾಯಿತು. ಒಂದೊಂದೇ ರಾಜ್ಯ ಹಿಂದೆ ಸರಿದು, 2014ರಲ್ಲಿ ಕೊನೆಯದಾಗಿ ಲೋವರ್ ಸ್ಯಾಕ್ಸನಿಯೂ ಫೀಸ್ ಕೈಬಿಟ್ಟಿತು. ಹೊರಗಿನಿಂದ ಬಂದವರಿಗೂ ಅದೇ ನಿಯಮ ಉಳಿದುಕೊಂಡಿತು. ಹಣ ಬರುವುದು ಅಲ್ಲಿನ ತೆರಿಗೆಯಿಂದ. ಆ ದೇಶಕ್ಕೆ ವಯಸ್ಸಾಗುತ್ತಿದೆ, ದುಡಿಯುವ ಕೈ ಬೇಕು, ಹಾಗಾಗಿ ಓದಿಸಿ ಉಳಿಸಿಕೊಳ್ಳೋಣ ಎಂಬ ಲೆಕ್ಕ ಆಮೇಲೆ ಅದರ ಜೊತೆ ಸೇರಿಕೊಂಡಿತು. 2024ರ ಅಕ್ಟೋಬರ್‌ನಲ್ಲಿ ಭಾರತದ ನುರಿತ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20 ಸಾವಿರದಿಂದ 90 ಸಾವಿರಕ್ಕೆ ಏರಿಸುತ್ತೇವೆ ಅಂದದ್ದೂ ಇದೇ ಲೆಕ್ಕದಲ್ಲಿ.

ಅಲ್ಲಿ ಶಿಕ್ಷಣ ರಾಜ್ಯಗಳ ಕೈಯಲ್ಲಿದೆ. ಆದ್ದರಿಂದ 'ಜರ್ಮನಿಯಲ್ಲಿ ಫ್ರೀ' ಎಂಬ ಮಾತಿಗೆ ರಾಜ್ಯದ ಹೆಸರು ಸೇರಿಸದೆ ಅರ್ಥವಿಲ್ಲ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹ, ಹೈಡೆಲ್‌ಬರ್ಗ್, ಫ್ರೈಬುರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಹಾಕುತ್ತಿದೆ. ನಮ್ಮ ಮೆಕ್ಯಾನಿಕಲ್ ಹುಡುಗರು ಹೆಚ್ಚಾಗಿ ಆಸೆಪಡುವುದೂ ಅದೇ ರಾಜ್ಯವನ್ನು. ಬವೇರಿಯಾ ಕಾನೂನು ಬದಲಿಸಿ, ತೀರ್ಮಾನವನ್ನು ವಿಶ್ವವಿದ್ಯಾಲಯಗಳಿಗೇ ಬಿಟ್ಟಿತು. ಅಲ್ಲಿನ ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ (ಟಿಯುಎಂ) 2024-25ರಿಂದ ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ ವಸೂಲಿ ಶುರುಮಾಡಿತು. ನಾಲ್ಕು ಸೆಮಿಸ್ಟರ್‌ಗೆ ಕೂಡಿಸಿ ನೋಡಿ, 'ಫ್ರೀ' ಎಲ್ಲಿ ಹೋಯಿತು? ಉಳಿದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಸೆಮಿಸ್ಟರ್‌ಗೆ 100ರಿಂದ 400 ಯೂರೋ ಮಾತ್ರ. ಅದರಲ್ಲಿ ಎಷ್ಟೋ ಕಡೆ ಬಸ್ಸು, ರೈಲಿನ ಪಾಸೂ ಸೇರಿರುತ್ತದೆ. ಇಂದಿಗೂ ಹೆಚ್ಚಿನ ಕಡೆ ಇದೇ ಸ್ಥಿತಿ. ನಾಳೆಯೂ ಹೀಗೇ ಇರುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಇನ್ನು ಖಾಸಗಿ ವಿಶ್ವವಿದ್ಯಾಲಯಗಳು. ಇಲ್ಲಿಯೇ ನಮ್ಮವರು ಜಾಸ್ತಿ ಎಡವುವುದು. ಅಕ್ಕನ ಮಗನನ್ನು ಕರೆದುಕೊಂಡು ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಗೆ ಹೋಗಿದ್ದೆ. ಕಾಫಿ ಕೊಟ್ಟರು, ತಮ್ಮ ಸೇವೆಗೆ ಒಂದು ರೂಪಾಯಿಯೂ ಬೇಡ ಅಂದರು. ಕೊಟ್ಟ ಪಟ್ಟಿಯಲ್ಲಿ ಐದು ಕಾಲೇಜು, ಐದೂ ಖಾಸಗಿ. ವರ್ಷಕ್ಕೆ ಹತ್ತು ಸಾವಿರ ಯೂರೋ ಮೇಲೆಯೇ. ಸರ್ಕಾರಿ ವಿಶ್ವವಿದ್ಯಾಲಯ ಇವರಿಗೆ ಕಮಿಷನ್ ಕೊಡುವುದಿಲ್ಲ, ಖಾಸಗಿಯದು ಕೊಡುತ್ತದೆ. ಅಷ್ಟೇ ಗುಟ್ಟು. ಹುಡುಗ ಹೊರಗೆ ಬಂದು "ಮಾಮ, ಇವರು ಜರ್ಮನಿ ಹೆಸರಲ್ಲಿ ಮ್ಯಾನೇಜ್‌ಮೆಂಟ್ ಸೀಟು ಮಾರ್ತಿದಾರೆ" ಅಂದ. ಸರಿಯಾಗಿಯೇ ಹೇಳಿದ. ಡಾಡ್ (DAAD) ಎಂಬ ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆಯ ಜಾಲತಾಣದಲ್ಲಿ ಇಂಗ್ಲಿಷ್‌ನಲ್ಲೂ ಓದಬಹುದಾದ ಎರಡು ಸಾವಿರಕ್ಕೂ ಹೆಚ್ಚು ಕೋರ್ಸುಗಳ ಪಟ್ಟಿ ಇದೆ. ಫೀಸ್ ಎಷ್ಟು, ಕೊನೆಯ ದಿನ ಯಾವುದು, ಯಾವ ಅಂಕ ಬೇಕು, ಎಲ್ಲ ಅಲ್ಲೇ ಸಿಗುತ್ತದೆ. ಒಂದು ಭಾನುವಾರ ಕೂತು ಹುಡುಕಿದರೆ ಕನ್ಸಲ್ಟೆನ್ಸಿಯ ಅರ್ಧ ಕೆಲಸ ಮುಗಿಯಿತು.

ಹೊರಡುವ ಮೊದಲೇ ಹನ್ನೆರಡು ಲಕ್ಷ

ಫೀಸ್ ಕೇಳದ ದೇಶ ಕೇಳುವುದು ಇನ್ನೊಂದನ್ನು: ನೀನು ಒಂದು ವರ್ಷ ಇಲ್ಲಿ ಬದುಕುವಷ್ಟು ಹಣ ನಿನ್ನ ಹತ್ತಿರ ಇದೆಯಾ? ಬಾಯಿಮಾತಲ್ಲಿ ಇದೆ ಅಂದರೆ ಆಗದು. ವೀಸಾ ಅರ್ಜಿಗೆ ಮೊದಲೇ ಆ ಹಣವನ್ನು ಒಂದು ಖಾತೆಗೆ ಹಾಕಿ ಬೀಗ ಜಡಿಯಬೇಕು. ಹುಡುಗರೆಲ್ಲ ಅದನ್ನು ಬ್ಲಾಕ್ಡ್ ಅಕೌಂಟ್ ಅನ್ನುತ್ತಾರೆ. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ನಿಮ್ಮ ಹಣ ನಿಮಗೇ ವಾಪಸ್ ಬರುತ್ತದೆ. ಹಾಗಾಗಿ ಇದನ್ನು ಖರ್ಚು ಅನ್ನುವ ಹಾಗಿಲ್ಲ. ಆದರೆ ಮಧ್ಯಮ ವರ್ಗದ ಮನೆಗೆ ಒಂದೇ ಏಟಿಗೆ ಇಷ್ಟು ಹಣ ಹೊಂದಿಸುವುದೇ ದೊಡ್ಡ ಪರೀಕ್ಷೆ.

ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿದ್ದು ರೂಪಾಯಿ. 2020ರ ಆರಂಭದಲ್ಲಿ ಇದೇ ಖಾತೆಗೆ 10,236 ಯೂರೋ ಬೇಕಿತ್ತು. ಆಗ ಯೂರೋಗೆ ಸುಮಾರು 80 ರೂಪಾಯಿ. ಅಂದರೆ ಎಂಟು ಲಕ್ಷ ಚಿಲ್ಲರೆ. 2025ರಲ್ಲಿ ಯೂರೋ ನೂರು ರೂಪಾಯಿ ದಾಟಿತು. ಅಲ್ಲಿಗೆ 11,904 ಯೂರೋ ಎಂದರೆ ಹನ್ನೆರಡು ಲಕ್ಷ. ಜರ್ಮನಿ ಏರಿಸಿದ್ದು ನೂರಕ್ಕೆ 16ರಷ್ಟು, ನಮ್ಮ ಮನೆಯ ಲೆಕ್ಕದಲ್ಲಿ ಏರಿದ್ದು 45ರ ಹತ್ತಿರ. ವಿದೇಶದ ಓದಿಗೆಂದು ಇಲ್ಲಿ ರೂಪಾಯಿಯಲ್ಲಿ ಕೂಡಿಡುವವರು ಮರೆಯುವುದು ಇದನ್ನೇ. ಗುರಿ ಕೂಡ ನಡೆಯುತ್ತಿರುತ್ತದೆ. ಯೋಜನೆ ಹಾಕುವಾಗ ಇವತ್ತಿನ ದರದ ಮೇಲೆ ನೂರಕ್ಕೆ ಹತ್ತಾದರೂ ಸೇರಿಸಿಕೊಳ್ಳುವುದು ಕ್ಷೇಮ.

ಇದರ ಮೇಲೆ ಅರ್ಜಿ ಶುಲ್ಕ, ದಾಖಲೆ ಪರಿಶೀಲನೆ, ವೀಸಾ, ವಿಮಾನ, ಮನೆಯ ಮುಂಗಡ, ಚಳಿಯ ಬಟ್ಟೆ ಎಲ್ಲ ಸೇರಿ ಎರಡು ಮೂರು ಲಕ್ಷ ಸುಮ್ನೆ ಹೋಗುತ್ತದೆ. ಮೊದಲ ವರ್ಷಕ್ಕೆ ಹದಿನೈದು ಲಕ್ಷ ಅಂತ ಇಟ್ಟುಕೊಳ್ಳೋಣ. ಸ್ವಂತ ಹಣ ಇಲ್ಲದವರು ಬ್ಯಾಂಕಿಗೆ ಹೋಗಬೇಕು. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ಹಳ್ಳಿಯಲ್ಲಿ ನಾಲ್ಕು ಎಕರೆ ಇದೆ ಅಂತ ಹೋದವರಿಗೆ ಇಲ್ಲೇ ಮುಖಭಂಗ, ಯಾಕೆಂದರೆ ಕೃಷಿ ಜಮೀನನ್ನು ಇದಕ್ಕೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಸೈಟು ಇದೆ, ಆದರೆ ಬಿ ಖಾತಾ ಅಂದರೂ ಮ್ಯಾನೇಜರ್ ತಲೆಯಾಡಿಸುತ್ತಾರೆ. ಖಾತಾ, ಇಸಿ, ವಕೀಲರ ಅಭಿಪ್ರಾಯ, ಮೌಲ್ಯಮಾಪನ, ಇವೆಲ್ಲ ಮುಗಿಯಲು ಎರಡು ಮೂರು ತಿಂಗಳು ಹಿಡಿದರೆ ಆಶ್ಚರ್ಯವಿಲ್ಲ. ಅಡ್ಮಿಷನ್ ಪತ್ರ ಬಂದ ಮೇಲೆ ಖಾತಾ ಸರಿಮಾಡಿಸಲು ಹೊರಟರೆ ಸೆಮಿಸ್ಟರ್ ಶುರುವಾಗಿ ಹೋಗಿರುತ್ತದೆ. ಅಡಮಾನ ಇಲ್ಲದೆ ಕೊಡುವ ಖಾಸಗಿ ಹಣಕಾಸು ಕಂಪನಿಗಳೂ ಇವೆ. ಬಡ್ಡಿ ಜಾಸ್ತಿ, ಅಷ್ಟೇ. ಇನ್ನೊಂದು ಸಣ್ಣ ವಿಷಯ: ಸ್ವಂತ ಹಣವನ್ನು ವರ್ಷಕ್ಕೆ 10 ಲಕ್ಷದ ಮೇಲೆ ಹೊರಗೆ ಕಳಿಸಿದರೆ ಟಿಸಿಎಸ್ ಎಂಬ ಮುಂಗಡ ತೆರಿಗೆ ಹಿಡಿಯುತ್ತಾರೆ, ಬ್ಯಾಂಕಿನ ಶಿಕ್ಷಣ ಸಾಲದ ಹಣಕ್ಕೆ ಅದು ಇಲ್ಲ. ಹಿಡಿದದ್ದು ರಿಟರ್ನ್ಸ್ ಸಲ್ಲಿಸಿದಾಗ ಲೆಕ್ಕಕ್ಕೆ ಬರುತ್ತದಾದರೂ ಬೇಕಾದ ಹೊತ್ತಿಗೆ ಕೈಯಲ್ಲಿ ಇರುವುದಿಲ್ಲವಲ್ಲ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ರಾಜ್ಯ ಸರ್ಕಾರದ 'ಪ್ರಬುದ್ಧ' ಯೋಜನೆಯನ್ನು ಮೊದಲು ವಿಚಾರಿಸಿ, ಆಮೇಲೆ ಸಾಲದ ಮಾತು.

ನನಗೆ ಜರ್ಮನಿಯ ಪರವಾಗಿ ಇರುವ ದೊಡ್ಡ ವಾದ ಸಿಗುವುದೂ ಈ ಸಾಲದ ಲೆಕ್ಕದಲ್ಲೇ. ಹದಿನೈದು ಲಕ್ಷ ಸಾಲ, ನೂರಕ್ಕೆ ಹತ್ತು ಬಡ್ಡಿ ಅಂದುಕೊಳ್ಳಿ. ಎರಡು ವರ್ಷ ಓದು, ಆಮೇಲೆ ಒಂದು ವರ್ಷ ಕಂತಿಗೆ ವಿನಾಯಿತಿ. ಆ ಮೂರು ವರ್ಷದ ಬಡ್ಡಿ ಕಟ್ಟದಿದ್ದರೆ ಅಸಲು ಹತ್ತೊಂಬತ್ತೂವರೆ ಲಕ್ಷಕ್ಕೆ ಬಂದು ನಿಲ್ಲುತ್ತದೆ. ಹತ್ತು ವರ್ಷದಲ್ಲಿ ತೀರಿಸಬೇಕೆಂದರೆ ತಿಂಗಳ ಕಂತು 26 ಸಾವಿರದ ಹತ್ತಿರ. ಇದೇ ಲೆಕ್ಕದಲ್ಲಿ ಅಮೆರಿಕಕ್ಕೆಂದು 50 ಲಕ್ಷ ಸಾಲ ಮಾಡಿದರೆ ಕಂತು 80 ಸಾವಿರದ ಮೇಲೆ. ಏನೋ ಕಾರಣಕ್ಕೆ ವಾಪಸ್ ಬರಬೇಕಾಯಿತು ಅನ್ನಿ. ಬೆಂಗಳೂರಿನ ಸಂಬಳದಲ್ಲಿ 26 ಸಾವಿರ ಕಷ್ಟಪಟ್ಟು ಕಟ್ಟಬಹುದು. 80 ಸಾವಿರ ಕಟ್ಟಬೇಕೆಂದರೆ ಅಪ್ಪನ ಪಿಎಫ್ ಮುರಿಯಬೇಕು, ಇಲ್ಲ ಸೈಟು ಮಾರಬೇಕು. ನಿಯಮಗಳು ನಡುದಾರಿಯಲ್ಲಿ ಬದಲಾಗುವ ಈ ಕಾಲದಲ್ಲಿ, ವಿದೇಶದ ಓದಿನ ಯೋಜನೆಗೆ ನಾನು ಕೇಳುವ ಮೊದಲ ಪ್ರಶ್ನೆಯೇ ಇದು: ಅಲ್ಲಿ ಕೆಲಸ ಸಿಗದಿದ್ದರೂ ಇಲ್ಲಿ ತೀರುವ ಸಾಲವಾ?

ಸಬ್ಜೆಕ್ಟ್ ಬದಲಿಸಲು ಬಾರದ ದೇಶ

ಹಣ ಹೊಂದಿತು ಅನ್ನೋಣ. ಸೀಟು? ಅಮೆರಿಕಕ್ಕೆ ಹೋದ ಎಷ್ಟೋ ಮೆಕ್ಯಾನಿಕಲ್, ಸಿವಿಲ್ ಹುಡುಗರು ಅಲ್ಲಿ ಕಂಪ್ಯೂಟರ್ ಸೈನ್ಸ್ ಮಾಡಿ ಸಾಫ್ಟ್‌ವೇರ್‌ಗೆ ಜಿಗಿದಿದ್ದಾರೆ. ಜರ್ಮನಿಯಲ್ಲಿ ಆ ಜಿಗಿತ ಸಾಮಾನ್ಯವಾಗಿ ನಡೆಯದು. ಮಾಸ್ಟರ್ಸ್ ಎಂದರೆ ಅಲ್ಲಿ ಬ್ಯಾಚುಲರ್ಸ್‌ನ ಮುಂದುವರಿಕೆ. ನೀವು ಗಣಿತ ಎಷ್ಟು ಓದಿದ್ದೀರಿ, ಥರ್ಮೋಡೈನಮಿಕ್ಸ್ ಎಷ್ಟು, ಮೆಕ್ಯಾನಿಕ್ಸ್ ಎಷ್ಟು ಅಂತ ಒಂದೊಂದು ವಿಷಯದ ಕ್ರೆಡಿಟ್ ಎಣಿಸುತ್ತಾರೆ. ಸಿಲಬಸ್‌ನ ವಿವರವನ್ನೇ ಕೇಳುವ ವಿಶ್ವವಿದ್ಯಾಲಯಗಳಿವೆ. ಕಡಿಮೆ ಬಿದ್ದರೆ ಸಿಜಿಪಿಎ ಎಷ್ಟೇ ಚೆನ್ನಾಗಿರಲಿ, ವಿಷಾದದ ಪತ್ರ ಬರುತ್ತದೆ. ಮೂರು ವರ್ಷದ ಬಿಸಿಎ, ಬಿಎಸ್‌ಸಿ, ಬಿಕಾಂ ಮುಗಿಸಿದವರಿಗೆ ಬಾಗಿಲು ಇನ್ನೂ ಕಿರಿದು. ಪಿಯುಸಿ ಮುಗಿಸಿ ನೇರ ಹೋಗುವ ಆಸೆ ಇದ್ದರೆ ಜೆಇಇ ಅಡ್ವಾನ್ಸ್ಡ್ ದಾಟಿರಬೇಕು, ಇಲ್ಲವೇ ಇಲ್ಲಿ ಒಂದು ವರ್ಷ ಡಿಗ್ರಿ ಓದಿರಬೇಕು. ಹಾಗಿಲ್ಲದವರಿಗೆ ಸುತ್ತು ದಾರಿಯೇ ಗತಿ.

ಅಂಕದ ಪರಿವರ್ತನೆ ಒಂದು ತಮಾಷೆ. ಅಲ್ಲಿ 1 ಅತ್ಯುತ್ತಮ, 4 ಅಂದರೆ ಬರೀ ಪಾಸ್. ನಮ್ಮ ಅಂಕವನ್ನು ಅಲ್ಲಿಗೆ ಇಳಿಸುವ ಬವೇರಿಯನ್ ಸೂತ್ರ ಅಂತ ಒಂದಿದೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಅದನ್ನು ಗರಿಷ್ಠಕ್ಕೂ ಪಾಸ್ ಅಂಕಕ್ಕೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ಅಕ್ಕನ ಮಗನದು 7.6. ಪಾಸ್ ಗೆರೆ 4 ಅಂತ ಹಿಡಿದರೆ ಅವನದು 2.2 ಆಗುತ್ತದೆ. ಗೆರೆ 5 ಅಂತ ಹಿಡಿದರೆ 2.44. ಎಷ್ಟೋ ಕೋರ್ಸುಗಳು 2.5ಕ್ಕೆ ಗೆರೆ ಎಳೆಯುವುದರಿಂದ ಈ ಸಣ್ಣ ವ್ಯತ್ಯಾಸ ಸಣ್ಣದಲ್ಲ. ಮಾರ್ಕ್ಸ್ ಕಾರ್ಡಿನ ಹಿಂಬದಿಯಲ್ಲಿ ಪಾಸಿಗೆ ಏನು ಬರೆದಿದೆ ಅಂತ ಇದುವರೆಗೆ ಅವನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರ ಕಡ್ಡಾಯವಾಗಿದೆ. ನಮ್ಮ ಅಂಕಪಟ್ಟಿಗಳು ಅಸಲಿಯೋ ನಕಲಿಯೋ ಅಂತ ದೆಹಲಿಯ ಜರ್ಮನ್ ರಾಯಭಾರ ಕಚೇರಿಯ ಒಂದು ವಿಭಾಗ ಪರೀಕ್ಷಿಸಿ ಕೊಡುವ ಪತ್ರ ಅದು. ಶುಲ್ಕ 18,000 ರೂಪಾಯಿ. ನಕಲಿ ಪದವಿಗಳ ಹಾವಳಿಗೆ ಎಲ್ಲರೂ ತೆರುತ್ತಿರುವ ದಂಡ ಅಂತಲೇ ಅನ್ನಬೇಕು. ವಾರಗಳಲ್ಲಿ ಬಂದರೆ ಅದೃಷ್ಟ, ತಿಂಗಳುಗಳೂ ಹಿಡಿಯಬಹುದು. ಇದಿಲ್ಲದೆ ವೀಸಾ ಅರ್ಜಿ ಮುಂದೆ ಹೋಗದು. ಎಷ್ಟೋ ವಿಶ್ವವಿದ್ಯಾಲಯಗಳು ಪ್ರವೇಶದ ಅರ್ಜಿಗೇ ಇದನ್ನು ಕೇಳುತ್ತವೆ.

ಈಗ ಕ್ಯಾಲೆಂಡರ್ ಹಿಂದಕ್ಕೆ ತಿರುಗಿಸೋಣ. 2027ರ ಅಕ್ಟೋಬರ್‌ಗೆ ಸೇರಬೇಕು ಅಂದರೆ, ಆಖೆನ್‌ನ ಆರ್‌ಡಬ್ಲ್ಯುಟಿಎಚ್ ವಿಶ್ವವಿದ್ಯಾಲಯದಂಥ ಕಡೆ ನಮ್ಮಂಥವರಿಗೆ ಅರ್ಜಿಯ ಕೊನೆಯ ದಿನ ಮಾರ್ಚ್ 1. ಉಳಿದ ಕಡೆ ಮೇ 31, ಜುಲೈ 15, ಹೀಗೆ. ಮಾರ್ಚ್‌ಗೆ ಮೊದಲು ಐಇಎಲ್‌ಟಿಎಸ್, ಎಪಿಎಸ್, ಟ್ರಾನ್ಸ್‌ಕ್ರಿಪ್ಟ್ ಎಲ್ಲ ಕೈಯಲ್ಲಿರಬೇಕು. ಅಂದರೆ ಈ ಕೆಲಸಗಳನ್ನು 2026ರಲ್ಲೇ ಶುರುಮಾಡಬೇಕು. ಇತ್ತ ವಿಟಿಯು ಕೊನೆಯ ಸೆಮಿಸ್ಟರ್ ಫಲಿತಾಂಶ, ಪ್ರೊವಿಷನಲ್ ಸರ್ಟಿಫಿಕೇಟು ಕೈಗೆ ಬರುವುದು ಬೇಸಿಗೆ ಕಳೆದ ಮೇಲೆ. ಅಡ್ಮಿಷನ್ ಸಿಕ್ಕಿ, ಹಣ ಕಟ್ಟಿ, ಸರ್ಟಿಫಿಕೇಟಿಗೆ ಕಾಯುತ್ತಾ ಕೂರುವ ಆ ಎರಡು ತಿಂಗಳು ಮನೆಮಂದಿಗೆಲ್ಲ ಜ್ವರ. ವೀಸಾ ತಿರಸ್ಕಾರವಾದರೆ ಮೊದಲು ಉಚಿತವಾಗಿ ಒಂದು ಮೇಲ್ಮನವಿ ಬರೆಯುವ ಅವಕಾಶ ಇತ್ತು. 2025ರ ಜುಲೈ 1ರಿಂದ ಅದನ್ನು ತೆಗೆದರು. ಈಗ ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲ ಬರ್ಲಿನ್‌ನ ಕೋರ್ಟಿಗೆ ಹೋಗಬೇಕು. ಮೊದಲ ಅರ್ಜಿಯಲ್ಲೇ ಒಂದೂ ಕಾಗದ ಬಿಟ್ಟುಹೋಗಬಾರದು ಅಂತ ಇದರರ್ಥ.

ಮೂರೇ ಸಲ

ಕರ್ನಾಟಕದ ಇಂಜಿನಿಯರಿಂಗ್ ಹುಡುಗರಿಗೆ ಬಿಡಿಸಿ ಹೇಳಲೇಬೇಕಾದ ವಿಷಯ ಇದು, ಯಾಕೆಂದರೆ ಇದನ್ನು ಯಾವ ಕನ್ಸಲ್ಟೆನ್ಸಿಯವರೂ ಕಾಫಿ ಜೊತೆ ಹೇಳುವುದಿಲ್ಲ. ನಮ್ಮಲ್ಲಿ ಒಂದು ವಿಷಯ 'ಬ್ಯಾಕ್' ಆದರೆ ಮುಂದಿನ ಸೆಮ್‌ನಲ್ಲಿ ಕಟ್ಟಿದರಾಯಿತು. ಅಲ್ಲೂ ಆಗದಿದ್ದರೆ ಅದರ ಮುಂದಿನದು. ಅದೊಂದು ಅವಮಾನ ಅಂತಲೂ ಈಗ ಯಾರೂ ಅಂದುಕೊಳ್ಳುವುದಿಲ್ಲ. ಜರ್ಮನಿಯ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಒಂದು ಪರೀಕ್ಷೆಗೆ ಮೂರು ಅವಕಾಶ. ಮೂರನೆಯ ಸಲವೂ ಕಡ್ಡಾಯ ವಿಷಯದಲ್ಲಿ ಫೇಲಾದರೆ ಫಲಿತಾಂಶದ ಮುಂದೆ 'ಎಂಡ್‌ಗ್ಯೂಲ್ಟಿಗ್ ನಿಷ್ಟ್ ಬೆಶ್ಟಾಂಡನ್' ಅಂತ ಬರುತ್ತದೆ. ಅಂತಿಮವಾಗಿ ಅನುತ್ತೀರ್ಣ ಅಂತ. ಆ ಕೋರ್ಸಿನಿಂದ ಹೊರಗೆ. ಅದೇ ಕೋರ್ಸನ್ನು ಇನ್ನೊಂದು ಜರ್ಮನ್ ವಿಶ್ವವಿದ್ಯಾಲಯದಲ್ಲಿ ಮುಂದುವರಿಸಲೂ ಸಾಮಾನ್ಯವಾಗಿ ಬಿಡುವುದಿಲ್ಲ. ವೀಸಾ ನಿಂತಿರುವುದು ಓದಿನ ಮೇಲೆ, ಓದು ಹೋದರೆ ಅದೂ ಅಲುಗಾಡುತ್ತದೆ.

ಅಲ್ಲಿನ ಪಾಠದ ರೀತಿಯೂ ಬೇರೆ. ಹಾಜರಾತಿಗೆ 75 ಪರ್ಸೆಂಟ್ ಅಂತ ಯಾರೂ ಬೆನ್ನು ಹತ್ತುವುದಿಲ್ಲ, ಇಂಟರ್ನಲ್ಸ್ ಅಂತ ಕೈಹಿಡಿಯುವುದೂ ಇಲ್ಲ. ಎಷ್ಟೋ ವಿಷಯಗಳಲ್ಲಿ ಸೆಮಿಸ್ಟರ್ ಕೊನೆಗೆ ಒಂದೇ ಪರೀಕ್ಷೆ, ಅದೇ ಎಲ್ಲ. ಕಳೆದ ಐದು ವರ್ಷದ ಪ್ರಶ್ನೆಪತ್ರಿಕೆ ಬಿಡಿಸಿ ಪಾಸಾಗುವ ನಮ್ಮ ಅಭ್ಯಾಸ ಅಲ್ಲಿ ಅರ್ಧ ದಾರಿಗೇ ಕೈಕೊಡುತ್ತದೆ. ಹಾಗಾಗಿ ಎರಡು ವರ್ಷದ ಮಾಸ್ಟರ್ಸ್ ಎರಡೂವರೆ, ಮೂರು ವರ್ಷಕ್ಕೆ ಎಳೆಯುವುದು ಅಲ್ಲಿ ಮಾಮೂಲು, ಜರ್ಮನ್ ಹುಡುಗರಿಗೂ ಕೂಡ. ಆದರೆ ಅವರಿಗೆ ಬೆಂಗಳೂರಿನ ಬ್ಯಾಂಕಿನಿಂದ ಫೋನ್ ಬರುವುದಿಲ್ಲ. ಬಜೆಟ್ ಹಾಕುವಾಗ ನಾಲ್ಕಲ್ಲ, ಐದು ಸೆಮಿಸ್ಟರ್ ಅಂತಲೇ ಬರೆದುಕೊಳ್ಳಿ.

ಮನೆಯ ಮಾತು. ತಿಂಗಳಿಗೆ 992 ಯೂರೋ ಅಂತ ಸರ್ಕಾರ ಲೆಕ್ಕ ಹಾಕಿದೆಯಲ್ಲ, ಮ್ಯೂನಿಕ್‌ನಲ್ಲಿ ಹಂಚಿಕೊಂಡ ಮನೆಯ ಒಂದು ಕೋಣೆಗೇ 800ರ ಹತ್ತಿರ ಬಾಡಿಗೆ. ಆರೋಗ್ಯ ವಿಮೆಗೆ 150ರ ಹತ್ತಿರ ಹೋಗುತ್ತದೆ. ಉಳಿದದ್ದರಲ್ಲಿ ಅಕ್ಕಿ ಬೇಳೆ ತರಬೇಕು. ಅದೇ ಪೂರ್ವ ಜರ್ಮನಿಯ ಕೆಮ್ನಿಟ್ಸ್, ಮಾಗ್ಡೆಬುರ್ಗ್ ಕಡೆ ಕೋಣೆ ಅದರ ಅರ್ಧಕ್ಕಿಂತ ಕಡಿಮೆಗೆ ಸಿಗಬಹುದು. ಹೆಸರಿಗೆ ಮರುಳಾಗಿ ಊರು ಆರಿಸುವ ಬದಲು ಬಾಡಿಗೆ ನೋಡಿ ಊರು ಆರಿಸಿದವರು ಜಾಣರು ಅಂತ ನನ್ನ ಅಭಿಪ್ರಾಯ. ವಿದ್ಯಾರ್ಥಿನಿಲಯ ಅಗ್ಗ, ಆದರೆ ದೊಡ್ಡ ಊರುಗಳಲ್ಲಿ ಸರದಿ ಒಂದೆರಡು ಸೆಮಿಸ್ಟರ್ ಉದ್ದ ಇರುತ್ತದೆ. ಅಡ್ಮಿಷನ್ ಪತ್ರ ಬಂದ ದಿನವೇ ಅರ್ಜಿ ಹಾಕಬೇಕು. ಮನೆ ಸಿಕ್ಕ ಎರಡು ವಾರದೊಳಗೆ ನಗರಾಡಳಿತದಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಪತ್ರ ಬೇಕು. ವಿಳಾಸ ಇಲ್ಲದೆ ಎಷ್ಟೋ ಕೆಲಸಗಳು ಅಡಕೊಂಡು ನಿಲ್ಲುತ್ತವೆ. ಈ ಆತುರ ಗೊತ್ತಿರುವ ಮೋಸಗಾರರು 'ಮುಂಗಡ ಕಳಿಸಿ, ಕೀ ಪೋಸ್ಟಲ್ಲಿ ಬರುತ್ತೆ' ಅಂತ ಬಲೆ ಹಾಕಿ ಕೂತಿರುತ್ತಾರೆ. ಕಣ್ಣಲ್ಲಿ ನೋಡದ ಮನೆಗೆ ದುಡ್ಡು ಹಾಕುವ ತಪ್ಪು ಮಾತ್ರ ಬೇಡ.

ಪಾರ್ಟ್‌ಟೈಮ್ ಕೆಲಸ ಮಾಡಿ ತೂಗಿಸಬಹುದಾ? ಸ್ವಲ್ಪ ಮಟ್ಟಿಗೆ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. 2026ರ ಜನವರಿಯಿಂದ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ. ಎರಡನೇ ವರ್ಷದ ಊಟ, ಬಾಡಿಗೆ ಇದರಲ್ಲಿ ಬಹುಪಾಲು ಹೊರಡಬಹುದು. ಮೊದಲ ಸೆಮಿಸ್ಟರ್‌ನಲ್ಲೇ ರಾತ್ರಿ ಪಾಳಿ ಹಿಡಿದರೆ ಆ ಮೂರು ಅವಕಾಶದಲ್ಲಿ ಒಂದು ಅಲ್ಲೇ ಹೋಗುತ್ತದೆ.

ಕೊನೆಗೆ ಬೇಕಾಗುವುದು ಭಾಷೆ

ಕೋರ್ಸು ಇಂಗ್ಲಿಷ್‌ನಲ್ಲಿ, ಸರಿ. ಕೆಲಸ? ನನಗೆ ಕಾಣುವಂತೆ 'ಫ್ರೀ' ಓದಿನ ಅತಿ ದೊಡ್ಡ ಬೆಲೆ ಇರುವುದು ಇಲ್ಲೇ. ನಮ್ಮ ಹುಡುಗರ ಕನಸಿನ ಕಾರು ಕಂಪನಿಗಳ ಸ್ಥಿತಿ ಈಗ ಚೆನ್ನಾಗಿಲ್ಲ. ಫೋಕ್ಸ್‌ವ್ಯಾಗನ್ 2024ರ ಡಿಸೆಂಬರ್‌ನಲ್ಲಿ, 2030ರೊಳಗೆ ಜರ್ಮನಿಯಲ್ಲಿ 35 ಸಾವಿರಕ್ಕೂ ಹೆಚ್ಚು ಹುದ್ದೆ ಕಡಿತಕ್ಕೆ ಕಾರ್ಮಿಕ ಸಂಘದ ಜೊತೆ ಒಪ್ಪಂದ ಮಾಡಿಕೊಂಡಿತು. ಬಾಷ್ 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 13 ಸಾವಿರ ಹುದ್ದೆ ತೆಗೆಯುವ ಮಾತಾಡಿತು, ಅದೂ ಹೆಚ್ಚಾಗಿ ಜರ್ಮನಿಯ ಘಟಕಗಳಲ್ಲಿ. ವಿಚಿತ್ರ ನೋಡಿ, ಅದೇ ಬಾಷ್‌ಗೂ ಮರ್ಸಿಡಿಸ್‌ಗೂ ಬೆಂಗಳೂರಿನಲ್ಲಿ ದೊಡ್ಡ ಇಂಜಿನಿಯರಿಂಗ್ ಕೇಂದ್ರಗಳಿವೆ. ಬಾಷ್ ಇರುವ ಆಡುಗೋಡಿಯಿಂದ ಹೊರಟು ಸ್ಟುಟ್‌ಗಾರ್ಟ್ ಸುತ್ತಿ ಮತ್ತೆ ಆಡುಗೋಡಿಗೇ ಬಂದು ನಿಂತರೂ ನಿಲ್ಲಬಹುದು.

ದೊಡ್ಡ ಕಂಪನಿ ಬಾಗಿಲು ಹಾಕಿದಾಗ ಉಳಿಯುವುದು ಸಣ್ಣ ಊರುಗಳ ಮಧ್ಯಮ ಗಾತ್ರದ ಕಂಪನಿಗಳು. ಪಂಪ್, ವಾಲ್ವ್, ಯಂತ್ರದ ಬಿಡಿಭಾಗ ಮಾಡುವಂಥವು. ಅಲ್ಲಿ ಮೀಟಿಂಗು ಜರ್ಮನ್‌ನಲ್ಲಿ, ಸುರಕ್ಷತೆಯ ಬೋರ್ಡು ಜರ್ಮನ್‌ನಲ್ಲಿ, ಊಟದ ಹೊತ್ತಿನ ಹರಟೆಯೂ ಜರ್ಮನ್‌ನಲ್ಲಿ. ಬಿ2 ಮಟ್ಟದ (ಎ1ರಿಂದ ಸಿ2ವರೆಗಿನ ಆರು ಮೆಟ್ಟಿಲಲ್ಲಿ ನಾಲ್ಕನೆಯದು) ಭಾಷೆ ಇಲ್ಲದೆ ಅಲ್ಲಿಗೆ ಕಾಲಿಡುವುದು ಕಷ್ಟ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ, ಅದು ಧಾರಾಳವೇ. ಆದರೆ ಭಾಷೆಯನ್ನೂ ಆ 18 ತಿಂಗಳಲ್ಲೇ ಕಲಿಯುತ್ತೇನೆ ಅಂತ ಹೊರಟವರಿಗೆ ಅದು ಸಾಲದು. ಹೊಸದಾಗಿ ಪದವಿ ಮುಗಿಸಿದವರಿಗೆ ಬ್ಲೂ ಕಾರ್ಡ್ ಎಂಬ ಕೆಲಸದ ಪರ್ಮಿಟ್ ಸಿಗಲು 2026ರಲ್ಲಿ ವರ್ಷಕ್ಕೆ 45,934 ಯೂರೋ ಸಂಬಳ ಬೇಕು. ಇಂಜಿನಿಯರ್‌ಗೆ ಅದು ಆಗದ ಮಾತಲ್ಲ, ಕೆಲಸ ಸಿಕ್ಕರೆ. ಅಲ್ಲೇ ಓದಿದವರು ಎರಡು ವರ್ಷ ದುಡಿದ ಮೇಲೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಅಲ್ಲೂ ಬಿ1 ಭಾಷೆ ಕೇಳುತ್ತಾರೆ. ಲಾಟರಿ ಇಲ್ಲ, ದಶಕಗಳ ಕ್ಯೂ ಇಲ್ಲ. ಅಮೆರಿಕದಲ್ಲಿ ಅದೃಷ್ಟ ಮಾಡುವ ಕೆಲಸವನ್ನು ಇಲ್ಲಿ ವ್ಯಾಕರಣ ಮಾಡುತ್ತದೆ.

ಆದ್ದರಿಂದ ಅಕ್ಕನಿಗೆ ನಾನು ಹೇಳಿದ್ದು ಇಷ್ಟು. ಕಾಲೇಜಿನ ಪಟ್ಟಿ ಆಮೇಲೆ, ಕನ್ಸಲ್ಟೆನ್ಸಿ ಬೇಡವೇ ಬೇಡ, ಮೊದಲು ಇವನನ್ನು ಜರ್ಮನ್ ಕ್ಲಾಸಿಗೆ ಹಾಕು. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನವೇ ಆಗಬೇಕೆಂದಿಲ್ಲ, ಆನ್‌ಲೈನ್ ಆದರೂ ಸರಿ. ಎ1, ಎ2 ಮುಗಿಯುವಷ್ಟರಲ್ಲಿ ಅವನಿಗೆ ನಿಜವಾಗಿ ಅಲ್ಲಿ ಹೋಗಿ ಬದುಕುವ ಮನಸ್ಸಿದೆಯೋ, ಇಲ್ಲ ಗೆಳೆಯರು ಹೊರಟರು ಅಂತ ಇವನೂ ಹೊರಟಿದ್ದಾನೋ ಗೊತ್ತಾಗುತ್ತದೆ. ಬಿಟ್ಟರೆ ಹೋಗುವುದು ಕ್ಲಾಸಿನ ಫೀಸ್ ಮಾತ್ರ, ಹದಿನೈದು ಲಕ್ಷವಲ್ಲ.

ಎರಡು ತಿಂಗಳಾಯಿತು. ಮೊನ್ನೆ ಫೋನ್ ಮಾಡಿದ್ದ. "ಮಾಮ, ಇವರ ಭಾಷೇಲಿ ಮೇಜು ಪುಲ್ಲಿಂಗ, ಹುಡುಗಿ ನಪುಂಸಕಲಿಂಗ ಅಂತೆ. ಇದನ್ನ ಹೆಂಗೆ ನೆನಪಿಟ್ಕೊಳ್ಳೋದು?" ಅಂದ. ಹಿಂದಿನಿಂದ ಅಕ್ಕನ ದನಿ ಕೇಳುತ್ತಿತ್ತು. ಸೈಟಿನ ಇ-ಖಾತಾದಲ್ಲಿ ಭಾವನ ಹೆಸರು ತಪ್ಪಾಗಿ ಬಂದಿದೆಯಂತೆ, ಸೋಮವಾರ ಮತ್ತೆ ನಗರಸಭೆಗೆ ಹೋಗಬೇಕಂತೆ.